ಮೊದಲು ಬಾವುಟ, ಆಮೇಲೆ ವಿಷಲ್

ತಿಪಟೂರು
3 ಡಿಸೆಂಬರ್ 2025

ರೇಣುಕಪ್ರಸಾದನಿಗೆ ಗೌಸ್ ಪೀರ್ ಸಲಾಂ.

ಇಲ್ಲಿ ಎಲ್ಲ ಕ್ಷೇಮ ಅಂತ ಶುರು ಮಾಡೋದು ಹೈಸ್ಕೂಲಿನಲ್ಲಿ ನಮ್ಮಿಬ್ಬರಿಗೂ ಒಂದೇ ಬೆಂಚಿನ ಮೇಲೆ ಕಲಿಸಿದ ಪದ್ಧತಿ. ಈ ಸಲ ಅದನ್ನು ಬಿಟ್ಟಿದ್ದೀನಿ.

ಫೋನಿರುವಾಗ ಕಾಗದ ಯಾಕೆ ಅಂತ ಕೇಳಬಹುದು ನೀನು. ಭಾನುವಾರ ಫೈನಲ್ ಮುಗಿದ ಮೇಲೆ ನಿನಗೊಂದು ವಾಯ್ಸ್ ಮೆಸೇಜ್ ಕಳಿಸಿದ್ದೆ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅದು ಟೂರ್ನಮೆಂಟ್ ಗ್ರೂಪಿನಲ್ಲಿತ್ತು, ಕೆಳಗೆ ನಗುವ ಮುಖಗಳ ಸಾಲು. ಅಳಿಯ ನಿನ್ನ ಫೋನು ತಗೊಂಡು ಕಳಿಸಿಬಿಟ್ಟ ಅಂತ ನೀನು ಅಂದೆ. ನಾನು ಒಪ್ಪಿಕೊಂಡೆ. ಕಾಗದವನ್ನೂ ಫೋಟೊ ತೆಗೆದು ಹಾಕಬಹುದು, ಆದರೆ ನನ್ನ ಅಕ್ಷರ ಓದುವಷ್ಟು ತಾಳ್ಮೆ ಆ ಗ್ರೂಪಿನಲ್ಲಿ ಯಾರಿಗೂ ಇಲ್ಲ.

ನಡೆದದ್ದು ನಿನಗೆ ಗೊತ್ತು. ಆದರೂ ಒಂದು ಸಲ ಬರೆದಿಡ್ತೀನಿ, ಯಾಕಂದರೆ ಮೂರೇ ದಿನಕ್ಕೆ ಅದು ಊರ ಬಾಯಲ್ಲಿ ಬೇರೆ ಕಥೆ ಆಗಿದೆ. ಮೂರು ತಾಲ್ಲೂಕಿನ ಕಪ್ಪಿನ ಫೈನಲ್. ಒಂದು ಕಡೆ ನಿಮ್ಮೂರು ಹಾಲ್ಕುರಿಕೆ, ಇನ್ನೊಂದು ಕಡೆ ಚಿಕ್ಕನಾಯಕನಹಳ್ಳಿ. ಇಪ್ಪತ್ತಾರು ವರ್ಷದಿಂದ ಇದ್ದ ಹಾಗೆ ನಾನು ರೆಫ್ರಿ, ನೀನು ಲೈನ್‌ಮನ್. ಆಟ ಮುಗಿಯಲು ನಾಲ್ಕು ನಿಮಿಷ ಇತ್ತು, ಇಬ್ಬರದೂ ಸೊನ್ನೆ. ನಿಮ್ಮೂರ ಸುದೀಪ್ ಗೋಲಿನ ಮುಂದೆ ಎಗರಿದ, ಚೆಂಡು ಅವನ ಬೆರಳಿಗೆ ತಾಗಿ ಕಾಲಿಗೆ ಬಿತ್ತು, ಒದ್ದ, ಗೋಲಾಯಿತು. ನಾನು ಹ್ಯಾಂಡ್‌ಬಾಲ್ ಅಂತ ವಿಷಲ್ ಊದಿದೆ. ನನಗೂ ಚೆಂಡಿಗೂ ಮಧ್ಯೆ ಮೂರು ಜನ ಇದ್ದರು. ಅದನ್ನು ನಾನು ಅಲ್ಲಗಳೆಯೋದಿಲ್ಲ.

ಆಮೇಲೆ ನೀನು ಕಮಿಟಿಯಲ್ಲಿ ಹಠ ಹಿಡಿದು ತರಿಸಿದ ವಿಡಿಯೊ ತೀರ್ಪು. ಮದುವೆ ವಿಡಿಯೊ ತೆಗೆಯುವ ಮೈಲಾರಿಯ ಎಲ್‌ಇಡಿ ಪರದೆಯಲ್ಲಿ ಆರು ಸಲ ತೋರಿಸಿದರು. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವೆ ಗುಲಾಬಿ ಹೂವು ಅರಳಿ ಮುಚ್ಚಿಕೊಳ್ಳೋದು. ಅಧ್ಯಕ್ಷ ಶ್ರೀರಂಗಯ್ಯನವರು ಬಂದು, "ನಿಮ್ಗೆ ಹೆಂಗ್ ಗೊತ್ತಾಯ್ತ್ರೀ ಗೌಸ್?" ಅಂದರು. ನಾನು ನಿನ್ನ ಕಡೆ ನೋಡಿದೆ. ನೀನು "ನಂಗೇನೂ ಕಾಣ್ಲಿಲ್ಲ ಕಣ್ರೀ" ಅಂದೆ. ಆಗ ನಾನು, ಬೆರಳಿಗೆ ತಾಗಿದ ಸದ್ದು ಕೇಳಿಸಿತು ಅಂತ ಎಲ್ಲರ ಮುಂದೆ ಹೇಳಿದೆ. ನಕ್ಕರು. ಗೋಲು ಕೊಟ್ಟರು. ಕಪ್ಪು ಹಾಲ್ಕುರಿಕೆಗೆ ಹೋಯಿತು.

ಜನ ಏನೇನು ಕೂಗಿದರು ಅನ್ನೋದನ್ನು ಇಲ್ಲಿ ಬರೆಯೋದಿಲ್ಲ, ಅದು ನಿನ್ನ ಕಿವಿಗೂ ಬಿದ್ದಿದೆ. ಚಿಕ್ಕನಾಯಕನಹಳ್ಳಿ ಗೋಲ್‌ಕೀಪರ್ ಆಸಿಫ್ ನನ್ನ ತಂಗಿ ಮಗ ಅನ್ನೋದು ಅವರಿಗೆ ಆ ಗಳಿಗೆಯಲ್ಲೇ ನೆನಪಾಯಿತು. ಇಪ್ಪತ್ತಾರು ವರ್ಷ ನಾನು ಗೌಸ್ ರೆಫ್ರಿ ಆಗಿದ್ದೆ. ಭಾನುವಾರ ಸಂಜೆ ಐದೂವರೆಗೆ ಬೇರೇನೋ ಆದೆ.

ನನಗೆ ಕಪ್ಪು ಬೇಡ, ಮರುಪಂದ್ಯ ಬೇಡ. ನೀನು ಗೆರೆಯ ಮೇಲೆ ನಿಂತಿದ್ದೆ, ನಿನಗೂ ಆ ಚೆಂಡಿಗೂ ಮಧ್ಯೆ ಯಾರೂ ಇರಲಿಲ್ಲ. ಆ ಗಳಿಗೆಯಲ್ಲಿ ನೀನು ಏನು ಮಾಡಿದೆ ಅಂತ ಒಂದು ಸಾಲು ಬರೆದುಕೊಡು. ಅಷ್ಟು ಸಾಕು.

ನಿನ್ನ,
ಗೌಸ್

*

ಹಾಲ್ಕುರಿಕೆ
12 ಡಿಸೆಂಬರ್ 2025

ಪ್ರಿಯ ಗೌಸ್,

ನಿನ್ನ ಪತ್ರ ಅರ್ಧ ಗಂಟೆಯ ಬಸ್ಸಿನ ದಾರಿಗೆ ನಾಲ್ಕು ದಿನ ತೆಗೆದುಕೊಂಡು ಬಂತು. ಉತ್ತರ ಬರೆಯಲು ತಡವಾದದ್ದಕ್ಕೆ ಅಂಚೆಯವರು ಕಾರಣರಲ್ಲ. ಊರಿನಲ್ಲಿ ಸನ್ಮಾನ, ಮೆರವಣಿಗೆ ಎಂದು ಒಂದು ವಾರ ಕಳೆಯಿತು. ಹದಿನೆಂಟು ವರ್ಷಗಳ ನಂತರ ಬಂದ ಕಪ್ಪು. ಹುಡುಗರ ಸಂತೋಷಕ್ಕೆ ಅಡ್ಡ ನಿಲ್ಲಲು ನನ್ನಿಂದ ಆಗಲಿಲ್ಲ.

ನಾನು ಮೂವತ್ತೊಂದು ವರ್ಷ ದೈಹಿಕ ಶಿಕ್ಷಣದ ಮೇಷ್ಟ್ರಾಗಿದ್ದವನು. ವಿಷಯವನ್ನು ಭಾವನೆಯಿಂದ ನೋಡದೆ ನಿಯಮದಿಂದ ನೋಡೋಣ. ನಮ್ಮ ಕಾಲದಲ್ಲಿ ಬೇಕೆಂದೇ ಕೈ ಹಾಕಿದರೆ ಮಾತ್ರ ಹ್ಯಾಂಡ್‌ಬಾಲ್. ಆಮೇಲೆ ಬದಲಾಯಿಸಿದರು, ಆಮೇಲೆ ಅದನ್ನೂ ಬದಲಾಯಿಸಿದರು. ಈಗ ಗೋಲು ಹೊಡೆದವನ ಕೈಗೆ ತಿಳಿಯದೆ ತಾಗಿದರೂ ಗೋಲಿಲ್ಲ. ನಿನ್ನನ್ನೇ ಕೇಳುತ್ತೇನೆ, ಬೆರಳ ತುದಿಗೆ ತಾಗಿತೋ ಇಲ್ಲವೋ ಎನ್ನುವುದರ ಮೇಲೆ ಒಂದು ವರ್ಷದ ಬೆವರು ನಿಲ್ಲುವುದಾದರೆ ಅದು ಒಳ್ಳೆಯ ನಿಯಮವೇ? ಹಳೆಯ ನಿಯಮದಲ್ಲಿ ಅದು ಗೋಲೇ ಆಗುತ್ತಿತ್ತು.

ವಿಡಿಯೊ ಬೇಕೆಂದು ಹಠ ಹಿಡಿದವನು ನಾನೇ. ಅದರಲ್ಲಿ ಮುಚ್ಚುಮರೆ ಇಲ್ಲ. ನಮಗಿಬ್ಬರಿಗೂ ಅರವತ್ತಾಗುತ್ತಾ ಬಂತು. ಕಣ್ಣು ತಪ್ಪುತ್ತದೆ, ಕಾಲು ಹಿಂದೆ ಬೀಳುತ್ತದೆ. ಯಂತ್ರಕ್ಕೆ ಆ ತೊಂದರೆ ಇಲ್ಲ, ಅದು ಯಾರ ನೆಂಟನೂ ಅಲ್ಲ. (ಈ ಮಾತನ್ನು ನೀನು ಬೇರೆ ಅರ್ಥದಲ್ಲಿ ತೆಗೆದುಕೊಳ್ಳಬೇಡ.)

ಇನ್ನು ಸದ್ದಿನ ವಿಷಯ. ಅಟ್ಟದ ಮೇಲೆ ಕೂತು, ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುವುದರಲ್ಲಿ ಈ ಸೀಮೆಯಲ್ಲಿ ನಿನ್ನನ್ನು ಮೀರಿಸುವ ವ್ಯಾಪಾರಿ ಇಲ್ಲ. ಅದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ಫುಟ್‌ಬಾಲ್ ತೆಂಗಿನಕಾಯಿ ಅಲ್ಲವಲ್ಲ. ಅವತ್ತು ನಮ್ಮ ಹುಡುಗರು ನಾಲ್ಕು ತಮಟೆ ತಂದಿದ್ದರು. ನನ್ನ ಪಕ್ಕದಲ್ಲಿ ನಿಂತವನು ಕೂಗಿದ ಮಾತೂ ನನಗೆ ಕೇಳುತ್ತಿರಲಿಲ್ಲ. ಆ ಗದ್ದಲದಲ್ಲಿ ಬೆರಳಿಗೆ ಚೆಂಡು ತಾಗಿದ ಸದ್ದು ಕೇಳಿಸಿತು ಎಂದರೆ ಯಾರು ನಂಬುತ್ತಾರೆ ಗೌಸ್?

ಒಂದು ಸಾಲು ಕೇಳಿದ್ದೀಯ. ನನಗೆ ಏನೂ ಕಾಣಲಿಲ್ಲ ಎಂದು ಅವತ್ತೇ ಹೇಳಿದ್ದೇನೆ. ಅದೇ ಆ ಸಾಲು.

ನಮ್ಮ ಮನೆಯಾಕೆ ಕಲ್ಲಮ್ಮ ನಿಮ್ಮ ಮನೆಯ ಜೈನಾಬ್ ಬೀಯವರನ್ನು ಕೇಳಿದ್ದಾಳೆಂದು ತಿಳಿಸಲು ಹೇಳಿದ್ದಾಳೆ.

ಇಂತಿ,
ರೇಣುಕಪ್ರಸಾದ್

*

ತಿಪಟೂರು
22 ಡಿಸೆಂಬರ್ 2025

ರೇಣುಕಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನಿಯಮದ ಬಗ್ಗೆ ಬಹಳ ಚೆನ್ನಾಗಿ ಬರೆದಿದ್ದೀಯ. ನಾನು ನಿಯಮ ಕೇಳಿರಲಿಲ್ಲ, ಆದರೂ ಮಾತು ಬಂತಲ್ಲ, ನನ್ನದೂ ಕೇಳು.

ಪ್ರತಿ ವರ್ಷ ಹೊಸ ನಿಯಮ ಬಂದಾಗ ನೀನು ಇಂಗ್ಲಿಷ್ ಓದಿ ಬಿಡಿಸಿ ಹೇಳ್ತಿದ್ದೆ, ನಾನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ತಿದ್ದೆ. ಆ ನೋಟ್‌ಬುಕ್ಕು ಈಗ ನನ್ನ ಮುಂದಿದೆ. ವಿಡಿಯೊ ತೀರ್ಪಿನ ಪುಟ ತೆಗೆದೆ. "ರೆಫ್ರಿ ಕೊಟ್ಟ ತೀರ್ಪು ಕಣ್ಣಿಗೆ ರಾಚುವಂಥ ತಪ್ಪಾಗಿದ್ದರೆ ಮಾತ್ರ ಬದಲಿಸಬೇಕು. ಅನುಮಾನವಿದ್ದರೆ ಮೈದಾನದ ತೀರ್ಪೇ ನಿಲ್ಲಬೇಕು." ಇದು ನೀನು ಹೇಳಿ ನಾನು ಬರೆದದ್ದು. ಮೈಲಾರಿಯ ಪರದೆಯಲ್ಲಿ ತಾಗಿದ್ದೂ ಕಾಣಲಿಲ್ಲ, ತಾಗದೇ ಇದ್ದದ್ದೂ ಕಾಣಲಿಲ್ಲ. ಹಾಗಿದ್ದಾಗ ನನ್ನ ತೀರ್ಪು ನಿಲ್ಲಬೇಕಿತ್ತು. ಈ ನಿಯಮ ಅಲ್ಲಿ ಗೊತ್ತಿದ್ದವರು ಇಬ್ಬರೇ, ನೀನು ಮತ್ತು ನಾನು. ನಾನು ಹೇಳಿದರೆ ಸ್ವಾರ್ಥ ಆಗ್ತಿತ್ತು. ನೀನು ಬಾಯಿಗೆ ಬೀಗ ಹಾಕಿಕೊಂಡೆ.

ದೊಡ್ಡ ದೇಶಗಳಲ್ಲಿ ರೆಫ್ರಿ ಒಬ್ಬನೇ ಹೋಗಿ ಚಿಕ್ಕ ಟಿವಿಯಲ್ಲಿ ನೋಡಿಬರ್ತಾನೆ. ನೀವು ಪರದೆಯನ್ನು ಜನದ ಕಡೆಗೆ ತಿರುಗಿಸಿಟ್ಟಿರಿ. ಎರಡು ಸಾವಿರ ಜನ ರೆಫ್ರಿಗಳಾದರು. ಯಂತ್ರ ಯಾರ ನೆಂಟನೂ ಅಲ್ಲ ಅಂತ ಬರೆದಿದ್ದೀಯ. ನಿಜ, ಅದು ಯಾರು ಜಾಸ್ತಿ ಕೂಗ್ತಾರೋ ಅವರ ಆಳು.

ನೆಂಟಸ್ತಿಕೆ ಅಂದೆಯಲ್ಲ, ಸೆಮಿಫೈನಲ್ ನೆನಪಿದೆಯಾ? ಈ ವರ್ಷದ ಹೊಸ ನಿಯಮ, ಗೋಲ್‌ಕೀಪರ್ ಎಂಟು ಸೆಕೆಂಡಿಗಿಂತ ಹೆಚ್ಚು ಚೆಂಡು ಹಿಡಿದುಕೊಂಡರೆ ಎದುರಾಳಿಗೆ ಕಾರ್ನರ್. ಈ ಮೂರು ತಾಲ್ಲೂಕಿನಲ್ಲಿ ಆ ನಿಯಮವನ್ನು ಮೊದಲು ಜಾರಿ ಮಾಡಿದ್ದು ನಾನು, ಮಾಡಿದ್ದು ನನ್ನ ಆಸಿಫನ ಮೇಲೆ. ಬೆರಳು ಎತ್ತಿ ಐದು, ನಾಲ್ಕು, ಮೂರು ಅಂತ ಎಣಿಸಿದೆ. ಅವನು ನಗ್ತಾ ನಿಂತಿದ್ದ, ಮಾಮ ಊದೋದಿಲ್ಲ ಅಂತ. ಊದಿದೆ. ಆ ಕಾರ್ನರಿನಿಂದಲೇ ತುರುವೇಕೆರೆಯವರು ಗೋಲು ಹೊಡೆದರು. ಆಸಿಫನ ಟೀಮು ಕೊನೆಗೆ ಗೆದ್ದರೂ ತಂಗಿ ಹದಿನೈದು ದಿನ ನನ್ನ ಜೊತೆ ಮಾತಾಡಲಿಲ್ಲ. ಅದು ಯಾರಿಗೂ ನೆನಪಿಲ್ಲ.

ಮೊನ್ನೆ ಮೈಲಾರಿಯ ಸ್ಟುಡಿಯೊಗೆ ಹೋಗಿದ್ದೆ, ಸದ್ದು ಕೇಳಿಸು ಅಂತ. ತಲೆ ಕೆರೆದುಕೊಂಡ. "ಮೈಕ್ ಆಫ್ ಮಾಡಿದ್ದೆ ಕಣಣ್ಣ. ಮದ್ವೆ ವಿಡಿಯೊಗೆ ಆಮೇಲೆ ಹಾಡು ಹಾಕ್ತೀವಲ್ಲ, ಅದೇ ಅಭ್ಯಾಸ" ಅಂದ. ಫೈನಲ್ ಪೂರ್ತಿ ಮೂಕಿ. ಎರಡನೇ ಕ್ಯಾಮರಾ ಅಂತೂ ಆಟದ ಕಡೆಗೇ ಇಲ್ಲ. ಮದುವೆ ಮನೆಯಲ್ಲಿ ಒಂದು ಕ್ಯಾಮರಾ ನೆಂಟರನ್ನು ತೆಗೆಯುವ ಹಾಗೆ, ಉದ್ದಕ್ಕೂ ವೇದಿಕೆಯ ಗಣ್ಯರನ್ನೇ ತೆಗೆದಿದೆ. ಅದನ್ನೂ ಕೂತು ನೋಡಿದೆ. ಮೈಲಾರಿ ಟೀ ತರಿಸಿಕೊಟ್ಟ.

ನೋಟ್‌ಬುಕ್ಕಿನ ಮೊದಲನೇ ಪುಟ ಮಾತ್ರ ನಿನ್ನ ಕೈಬರಹ. ಇಪ್ಪತ್ತಾರು ವರ್ಷದ ಹಿಂದೆ, ಮೊದಲ ಪಂದ್ಯದ ಹಿಂದಿನ ದಿನ, ನಾವಿಬ್ಬರೇ ಮಾಡಿಕೊಂಡ ನಿಯಮ. "ಮೊದಲು ಬಾವುಟ, ಆಮೇಲೆ ವಿಷಲ್." ರೆಫ್ರಿಗೆ ಕಾಣದ್ದು ಗೆರೆಯ ಮೇಲೆ ನಿಂತವನಿಗೆ ಕಾಣುತ್ತೆ, ಅವನ ಮಾತೇ ಮಾತು ಅಂತ ಕೆಳಗೆ ವಿವರಣೆ ಬೇರೆ ಬರೆದಿದ್ದೀಯ, ಮೇಷ್ಟ್ರ ಬುದ್ಧಿ.

ನಾನು ಕೇಳಿದ್ದು ನಿನಗೆ ಏನು ಕಂಡಿತು ಅಂತ ಅಲ್ಲ, ನೀನು ಏನು ಮಾಡಿದೆ ಅಂತ. ಇನ್ನೊಂದು ಸಲ ಓದು.

ಗೌಸ್

*

ಹಾಲ್ಕುರಿಕೆ
9 ಜನವರಿ 2026

ಪ್ರಿಯ ಗೌಸ್,

ಹೊಸ ವರ್ಷದ ಶುಭಾಶಯ. ಈ ಪತ್ರವನ್ನು ಬರೆಯಲು ನನಗೆ ಸ್ವಲ್ಪವೂ ಮನಸ್ಸಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಭಾನುವಾರ ಕಮಿಟಿ ಸಭೆ ನಡೆಯಿತು. ಮುಂದಿನ ಪಂದ್ಯಗಳಿಗೆ ನಿನ್ನನ್ನು ಕರೆಯುವುದು ಬೇಡ ಎಂದು ತೀರ್ಮಾನವಾಗಿದೆ. ನಾನು ನಿನ್ನ ಪರವಾಗಿ ಮಾತನಾಡಿದೆ. ಇಪ್ಪತ್ತಾರು ವರ್ಷ ಒಂದು ರೂಪಾಯಿ ಮುಟ್ಟದೆ ದುಡಿದಿದ್ದಾನೆ, ಗೌರವದಿಂದ ಕಳಿಸಿಕೊಡಿ ಎಂದೆ. ಶ್ರೀರಂಗಯ್ಯನವರು ಒಪ್ಪಿದರು. ಆರೋಗ್ಯದ ಕಾರಣದಿಂದ ಬಿಡುತ್ತಿದ್ದೇನೆ ಎಂದು ನೀನು ಎರಡು ಸಾಲು ಬರೆದುಕೊಟ್ಟರೆ ಶಾಲು ಹೊದಿಸಿ ಸನ್ಮಾನ ಮಾಡುತ್ತಾರೆ. ಕಣ್ಣಿನ ಪೊರೆ ಎಂದು ಬರೆದರೂ ಆಗುತ್ತದೆ. ಆಗ ಯಾರೂ ಬೇರೆ ಮಾತು ಆಡುವುದಿಲ್ಲ.

ಇನ್ನೊಂದು ವಿಷಯ ನಿನಗೆ ಬೇರೆಯವರಿಂದ ತಿಳಿಯುವುದಕ್ಕಿಂತ ನಾನೇ ಹೇಳುವುದು ಮೇಲು. ನಿನ್ನ ಜಾಗಕ್ಕೆ ನನ್ನನ್ನು ಕೇಳಿದ್ದಾರೆ. ನಾನು ಇನ್ನೂ ಏನೂ ಹೇಳಿಲ್ಲ. ನಿಜ ಹೇಳಬೇಕೆಂದರೆ, ಆಗಲಿ ಎಂದಿದ್ದೇನೆ. ಇಷ್ಟು ವರ್ಷ ಬಾವುಟ ಹಿಡಿದು ಗೆರೆಯ ಉದ್ದಕ್ಕೂ ಓಡಾಡಿದವನು ನಾನು. ಪತ್ರಿಕೆಯಲ್ಲಿ ಫೋಟೊ ಬಂದಾಗ ನೀನು ನಡುವೆ ಇರುತ್ತಿದ್ದೆ, ನಾನು ಅಂಚಿನಲ್ಲಿ. ಒಂದೆರಡು ಸಲ ನನ್ನನ್ನು ಅರ್ಧಕ್ಕೆ ಕತ್ತರಿಸಿದ್ದರು. ನಾನು ಯಾವತ್ತೂ ಬಾಯಿಬಿಟ್ಟು ಹೇಳಿಕೊಂಡವನಲ್ಲ. ಈಗ ಹೇಳುತ್ತಿದ್ದೇನೆ, ಹೊಟ್ಟೆ ಉರಿಯುತ್ತಿತ್ತು.

ಶಿವರಾತ್ರಿಗೆ ಮುಂಚೆ ನಮ್ಮ ಅಟ್ಟದ ಕಾಯಿ ನೋಡಲು ಪ್ರತಿ ವರ್ಷದಂತೆ ಬರುತ್ತೀಯಲ್ಲ? ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇಂತಿ,
ರೇಣುಕಪ್ರಸಾದ್

ಮೈಲಾರಿಯ ಎರಡನೇ ಕ್ಯಾಮರಾದಲ್ಲಿ ವೇದಿಕೆ ಬಿಟ್ಟು ಬೇರೆ ಏನಾದರೂ ಇತ್ತೇ? ಸುಮ್ಮನೆ ಕೇಳಿದೆ.

*

ತಿಪಟೂರು
18 ಜನವರಿ 2026

ರೇಣುಕಾ,

ನನ್ನ ಕಣ್ಣಿಗೆ ಪೊರೆ ಬಂದಿಲ್ಲ. ಆರೋಗ್ಯ ಚೆನ್ನಾಗಿದೆ. ಮೊನ್ನೆ ಕೆಂಕೆರೆಯಲ್ಲಿ ಮೂರು ಅಟ್ಟ ಹತ್ತಿ ಇಳಿದೆ. ಶ್ರೀರಂಗಯ್ಯನವರ ಶಾಲು ಅವರ ಹತ್ತಿರವೇ ಇರಲಿ, ಚಳಿ ಜಾಸ್ತಿ ಇದೆ.

ಮೈದಾನದ ಪಕ್ಕದ ರಸ್ತೆಯಲ್ಲಿ ಹೋಗೋದನ್ನು ಬಿಟ್ಟಿದ್ದೀನಿ. ಹೋದರೆ ಆಡ್ತಿರುವ ಹುಡುಗರು ಚೆಂಡನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸ್ತಾರೆ. "ರೆಫ್ರಿ ಸಾಬ್ರೇ, ಬಲ್ತೈತಾ ನೋಡಿ" ಅಂತಾರೆ. ಅವರಲ್ಲಿ ಇಬ್ಬರಿಗೆ ಆಟ ಕಲಿಸಿದ್ದು ನಾನೇ. ಜೈನಾಬ್‌ಗೆ ಇದನ್ನು ಹೇಳಿಲ್ಲ. ಯಾಕೆ ಸುತ್ತಿ ಬರ್ತೀರಿ ಅಂದರೆ ರಸ್ತೆ ಅಗೆದಿದ್ದಾರೆ ಅಂತೀನಿ.

ಆಸಿಫ್ ಗೋಲಿಗೆ ನಿಲ್ಲೋದು ಬಿಟ್ಟ. ಕಾರಣ ಕೇಳಿದೆ. "ನೀವು ನಂಗೋಸ್ಕರ ಊದಿದ್ರಿ ಅಂತ ಎಲ್ರೂ ಅಂತಾರೆ ಮಾಮ. ಹೌದಾ?" ಅಂದ. ನನ್ನ ಮನೆಯ ಮಗುವೇ ಹಾಗೆ ಕೇಳಿತು ರೇಣುಕಾ.

ನಿನ್ನ ಹೊಟ್ಟೆ ಉರಿಯುತ್ತಿತ್ತು ಅಂತ ಬರೆದದ್ದನ್ನು ಓದಿದೆ. ಅಷ್ಟು ವರ್ಷ ಒಂದೇ ಸೈಕಲ್ಲಿನಲ್ಲಿ, ಆಮೇಲೆ ಒಂದೇ ಟಿವಿಎಸ್‌ನಲ್ಲಿ ಹೋಗಿ ಬಂದೆವು. ಒಂದು ಸಲ ಹೇಳಿದ್ದರೆ ವಿಷಲ್ ನಿನಗೆ ಕೊಟ್ಟು ನಾನು ಬಾವುಟ ಹಿಡಿತಿದ್ದೆ. ಸತ್ಯವಾಗಿ ಹಿಡಿತಿದ್ದೆ.

ಎರಡನೇ ಕ್ಯಾಮರಾದಲ್ಲಿ ವೇದಿಕೆ ಇತ್ತು. ವೇದಿಕೆಯ ಮುಂದೆ ಇದ್ದವರು ಇದ್ದರು.

ಅಟ್ಟ ನೋಡಲು ಬೇರೆ ಯಾರನ್ನಾದರೂ ಕರೆಸಿಕೊ. ನಾನು ಕೇಳಿದ್ದು ಎರಡು ಸಾಲಲ್ಲ, ಒಂದು. ಅದು ಬರುವ ತನಕ ನಾನೂ ಬರೆಯೋದಿಲ್ಲ.

ಗೌಸ್ ಪೀರ್

*

ಹಾಲ್ಕುರಿಕೆ
2 ಮಾರ್ಚ್ 2026

ಪ್ರಿಯ ಗೌಸ್,

ಆರು ವಾರವಾಯಿತು. ನಡುವೆ ಮೂರು ಪತ್ರ ಬರೆದು ಮೂರನ್ನೂ ಹರಿದು ಹಾಕಿದೆ. ಇದನ್ನು ಬರೆದ ತಕ್ಷಣ ಅಂಚೆ ಡಬ್ಬಿಗೆ ಹಾಕಿಬರುತ್ತೇನೆ.

ನಮ್ಮ ಅಟ್ಟಕ್ಕೆ ಅರಸೀಕೆರೆ ಕಡೆಯ ಒಬ್ಬನನ್ನು ಕರೆಸಿದ್ದೆ. ಅವನು ನಾಲ್ಕು ಕಾಯಿ ಅಲ್ಲಾಡಿಸಿ ಎಲ್ಲ ಆಗಿದೆ ಎಂದ. ಇಳಿಸಿ ಸುಲಿದು ಒಡೆದರೆ ಅರ್ಧಕ್ಕರ್ಧ ಇನ್ನೂ ಹಸಿ, ಚಿಪ್ಪಿಗೆ ಅಂಟಿಕೊಂಡಿತ್ತು. ಕಲ್ಲಮ್ಮ ಮೊರ ತೆಗೆದುಕೊಂಡು ಒಳಗೆ ಹೋದಳು. ಅವಳು ನನ್ನ ಜೊತೆ ಸರಿಯಾಗಿ ಮಾತಾಡಿ ಬಹಳ ದಿನವಾಯಿತು.

ಫೆಬ್ರವರಿಯಲ್ಲಿ ತುರುವೇಕೆರೆಯಲ್ಲಿ ಒಂದು ಪಂದ್ಯಕ್ಕೆ ವಿಷಲ್ ಹಿಡಿದೆ. ಗೆರೆಯ ಮೇಲೆ ಯಾರೋ ಹೊಸಬರು. ಇಪ್ಪತ್ತು ನಿಮಿಷಕ್ಕೆ ನನಗೆ ಒಂದು ಅರ್ಥವಾಯಿತು. ನಡುವೆ ನಿಂತವನಿಗೆ ಅರ್ಧ ಆಟವೂ ಕಾಣುವುದಿಲ್ಲ. ಎಲ್ಲರ ಬೆನ್ನುಗಳೇ ಕಾಣುತ್ತವೆ. ಇಷ್ಟು ವರ್ಷ ನೀನು ಹೇಗೆ ಊದುತ್ತಿದ್ದೆ ಎಂದು ಅಲ್ಲೇ ನಿಂತು ಯೋಚಿಸಿದೆ.

ಈಗ ನೀನು ಕೇಳಿದ್ದನ್ನು ಬರೆಯುತ್ತೇನೆ. ನಿನಗೆ ಕೇಳಿಸಿದ ಸದ್ದು ನನಗೂ ಕೇಳಿಸಿತ್ತು. ಬೆರಳಿಗೆ ಚೆಂಡು ತಾಗಿದ ಸಣ್ಣ ಸದ್ದು. ನೀನು ಸರಿಯಾಗಿ ಊದಿದೆ. ಅಷ್ಟರಲ್ಲಿ ಜನ ಮೈದಾನಕ್ಕೆ ನುಗ್ಗಿದರು, ನಮ್ಮೂರ ಮುದುಕರು ಅಳುತ್ತಿದ್ದರು, ಹದಿನೆಂಟು ವರ್ಷದ ಮೇಲೆ ಕಪ್ಪು ತರುವ ಗೋಲು. ನನ್ನ ಕೈಕಾಲು ಆಡಲಿಲ್ಲ. ಕಂಬದ ಹಾಗೆ ನಿಂತುಬಿಟ್ಟೆ. ಶ್ರೀರಂಗಯ್ಯನವರು ಕೇಳಿದಾಗ ಬಾಯಿಗೆ ಬಂದದ್ದು ಕಾಣಲಿಲ್ಲ ಎನ್ನುವ ಮಾತು. ಒಮ್ಮೆ ಆಡಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಧೈರ್ಯ ಬರಲಿಲ್ಲ.

ಇನ್ನೂ ಇದೆ. ಮಾರನೆಯ ದಿನ ಸುದೀಪ್ ಮನೆಗೆ ಬಂದಿದ್ದ. "ಸಾ, ಬೆರ್ಳಿಗೆ ತಾಗಿತ್ತು ಸಾ. ಗೌಸಣ್ಣಂಗೆ ಹೇಳ್ಬುಡ್ಲಾ?" ಎಂದ. ನಾನು ಅವನನ್ನು ಒಳಗೆ ಕರೆದು, ಬಾಯಿ ಮುಚ್ಚಿಕೊಂಡು ಸುಮ್ಮನಿರು ಎಂದೆ. ಏಳನೇ ಕ್ಲಾಸಿನಿಂದ ಅವನಿಗೆ ಆಟ ಕಲಿಸಿದವನು ನಾನು. ಕೊನೆಗೆ ಇದನ್ನೂ ಕಲಿಸಿದೆ. ಈಗ ಎದುರಿಗೆ ಸಿಕ್ಕರೆ ಅವನು ರಸ್ತೆ ದಾಟಿಕೊಂಡು ಹೋಗುತ್ತಾನೆ.

ನನ್ನನ್ನು ಕ್ಷಮಿಸು ಎಂದು ಕೇಳುತ್ತೇನೆ. ಆದರೆ ಗೌಸ್, ಈ ಪತ್ರವನ್ನು ಕಮಿಟಿಗೆ ತೋರಿಸಬೇಡ. ಉಗಾದಿ ಆದ ಮೇಲೆ ಬಸವ ಜಯಂತಿಗೆ ಊರಿನವರು ನನಗೆ ಸನ್ಮಾನ ಇಟ್ಟುಕೊಂಡಿದ್ದಾರೆ. ಗೆದ್ದ ಕಪ್ಪನ್ನು ಊರ ಮಠದ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಈ ಊರಿನಲ್ಲಿ ನಾನು ಬದುಕಬೇಕು. ಮೈಲಾರಿಯ ಹತ್ತಿರ ನೀನು ಏನೋ ಪೆನ್‌ಡ್ರೈವಿಗೆ ಹಾಕಿಸಿಕೊಂಡೆ ಎಂದು ಕೇಳಿದೆ. ಅದು ಏನೇ ಇರಲಿ, ಯಾರಿಗೂ ತೋರಿಸಬೇಡ. ನಿನಗೆ ಕೈಮುಗಿದು ಕೇಳುತ್ತೇನೆ.

ನಿನ್ನ,
ರೇಣುಕ

*

ತಿಪಟೂರು
14 ಮಾರ್ಚ್ 2026

ರೇಣುಕಾ,

ರಂಜಾನ್ ಇನ್ನೊಂದು ವಾರದಲ್ಲಿ ಮುಗಿಯುತ್ತೆ. ಹಬ್ಬಕ್ಕೆ ನಿಮ್ಮನೆಗೆ ಸುರ್‌ಕುಂಬಾ ಪಾಯಸ ಕಳಿಸುವ ಸ್ಟೀಲ್ ಕ್ಯಾರಿಯರನ್ನು ಜೈನಾಬ್ ತೊಳೆದು ಕಪಾಟಿನ ಮೇಲೆ ಇಟ್ಟಿದ್ದಾಳೆ. ಕಳಿಸೋದಾ ಅಂತ ಅವಳು ಕೇಳಿಲ್ಲ. ನಾನೂ ಹೇಳಿಲ್ಲ.

ಉಪವಾಸದಲ್ಲಿ ಸುಳ್ಳು ಹೇಳಬಾರದು. ಅದಕ್ಕೆ ನನ್ನ ಸುಳ್ಳನ್ನು ಮೊದಲು ಒಪ್ಪಿಕೊಳ್ತೀನಿ.

ನನಗೆ ಯಾವ ಸದ್ದೂ ಕೇಳಿಸಲಿಲ್ಲ.

ನಾಲ್ಕು ತಮಟೆ ಬಡಿತಿದ್ದರು, ಪಕ್ಕದವನು ಕೂಗಿದ್ದೂ ಕೇಳುತ್ತಿರಲಿಲ್ಲ ಅಂತ ಡಿಸೆಂಬರಿನಲ್ಲಿ ನೀನೇ ಬರೆದಿದ್ದೆ. ಅದು ಸರಿಯಾದ ಮಾತು. ಆ ಗದ್ದಲದಲ್ಲಿ ನನ್ನ ಕಿವಿಗೂ ಏನೂ ಕೇಳಲಿಲ್ಲ. ಮಾರ್ಚಿಗೆ ನಿನಗೆ ಆ ಸದ್ದು ಕೇಳಿಸಿದೆ. ಇಲ್ಲದ ಸದ್ದನ್ನು ನನ್ನ ಸಮಾಧಾನಕ್ಕೆ ಕೇಳಿಸಿಕೊಂಡಿದ್ದೀಯ.

ಚೆಂಡೂ ನನಗೆ ಕಾಣಲಿಲ್ಲ. ಮುಂದೆ ಮೂರು ಬೆನ್ನು. ಕಂಡಿದ್ದು ಒಂದೇ, ನಿನ್ನ ಕೈ. ಬಾವುಟ ಸೊಂಟದಿಂದ ಮೇಲೆ ಬಂತು. ನಾನು ಊದಿದೆ. ಇಪ್ಪತ್ತಾರು ವರ್ಷ ಊದಿದ್ದು ಹಾಗೇ ಅಲ್ಲವಾ, ನಿನ್ನ ಕೈ ಅಲ್ಲಾಡಿದರೆ ಸಾಕು, ಯಾಕೆ ಏನು ಅಂತ ಕೇಳಿದವನಲ್ಲ. ಊದಿ ಮತ್ತೆ ನಿನ್ನ ಕಡೆ ತಿರುಗಿದಾಗ ಬಾವುಟ ಕೆಳಗಿತ್ತು, ನಿನ್ನ ಬೆನ್ನ ಹಿಂದೆ ಹೋಗಿತ್ತು. ಗೋಲು ಹೊಡೆದವನು ನಿಮ್ಮೂರ ಹುಡುಗ ಅನ್ನೋದು ಅಷ್ಟರಲ್ಲಿ ನಿನಗೆ ಹೊಳೆದಿತ್ತು.

ಶ್ರೀರಂಗಯ್ಯ ಬಂದು ಹೆಂಗ್ ಗೊತ್ತಾಯ್ತು ಅಂದಾಗ ನಾನು ನಿನ್ನನ್ನೇ ನೋಡಿದೆ. ಕಾಣಲಿಲ್ಲ ಅಂದೆ ನೀನು. ಆಗ ನಾನು "ಇವನೇ ಬಾವುಟ ಎತ್ತಿದ" ಅಂತ ಹೇಳಬಹುದಿತ್ತು. ನಿಮ್ಮೂರಿನವರು ಕೋಲು ಹಿಡಿದುಕೊಂಡು ಸುತ್ತ ನಿಂತಿದ್ದರು. ಸ್ವಂತ ಊರಿನ ಗೋಲಿಗೆ ಬಾವುಟ ಎತ್ತಿದವನು ಅಂತ ಗೊತ್ತಾಗಿದ್ದರೆ ನೀನು ಅವತ್ತು ಮನೆಗೆ ಹೋಗ್ತಿರಲಿಲ್ಲ. ಅದಕ್ಕೆ ಕೇಳಿಸಿತು ಅಂದೆ. ಕೊಬ್ಬರಿಯವನ ಬಾಯಲ್ಲಿ ಹೊಂದುವ ಸುಳ್ಳು ಅದೊಂದೇ ಇತ್ತು. ಎರಡು ಸಾವಿರ ಜನ ನಕ್ಕರು. ಒಬ್ಬನಾದರೂ ಸಂಜೆ ಮನೆಗೆ ಬಂದು ಅದು ಯಾಕೆ ಹೇಳಿದೆ ಅಂತ ಕೇಳ್ತಾನೆ ಅಂದುಕೊಂಡಿದ್ದೆ. ಬರಲಿಲ್ಲ. ಅಳಿಯನ ಫೋನಿನ ಕಥೆ ಬಂತು.

ಒಂದು ಸಾಲು ಕೇಳಿದೆ. "ನಾನು ಬಾವುಟ ಎತ್ತಿದೆ, ಆಮೇಲೆ ಇಳಿಸಿದೆ." ಇಷ್ಟೇ. ಅದನ್ನು ಕಮಿಟಿಗೆ ಕೊಡ್ತಿರಲಿಲ್ಲ, ಆಸಿಫನಿಗೆ ಒಂದು ಸಲ ಓದಲು ಕೊಟ್ಟು ವಾಪಸ್ ಇಸ್ಕೊಂಡು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇಡ್ತಿದ್ದೆ. ಮೂರೂವರೆ ತಿಂಗಳು ಕಾದೆ. ನೀನು ಹೊಟ್ಟೆಕಿಚ್ಚು ಬರೆದೆ, ಸುದೀಪನ ಬಾಯಿ ಮುಚ್ಚಿಸಿದ್ದು ಬರೆದೆ, ಅದಕ್ಕೆಲ್ಲ ಎದೆಗಾರಿಕೆ ಬೇಕು. ಆದರೆ ಆ ಕೈಯ ವಿಷಯಕ್ಕೆ ಬಂದಾಗ ಕಂಬದ ಹಾಗೆ ನಿಂತಿದ್ದೆ ಅಂತ ಬರೆದೆ. ಕ್ಷಮೆ ಕೇಳುವ ಕಾಗದದಲ್ಲೂ ಸುಳ್ಳು ಹೇಳಿದೆಯಲ್ಲೋ. ನನಗೆ ಎಲ್ಲಕ್ಕಿಂತ ನೋವಾಗಿದ್ದು ಅದು.

ಈ ಕವರಿನಲ್ಲಿ ಪೆನ್‌ಡ್ರೈವ್ ಇದೆ. ಮೈಲಾರಿಯ ಎರಡನೇ ಕ್ಯಾಮರಾದ್ದು. ವೇದಿಕೆಯ ಗಣ್ಯರು ಚಿಪ್ಸ್ ತಿನ್ನುತ್ತಿದ್ದಾರೆ, ಅವರ ಮುಂದೆ ಗೆರೆಯ ಮೇಲೆ ನೀನಿದ್ದೀಯ. ಬಾವುಟ ಏಳೋದೂ ಇದೆ, ಇಳಿಯೋದೂ ಇದೆ. ಎಲ್ಲರೂ ಚೆಂಡನ್ನು ಹುಡುಕಿದರು, ಇದನ್ನು ಯಾರೂ ನೋಡಲಿಲ್ಲ. ಮೈಲಾರಿ ತನ್ನ ಹತ್ತಿರ ಇದ್ದದ್ದನ್ನು ನನ್ನೆದುರಿಗೇ ಅಳಿಸಿದ. ನಾನು ಬೇರೆ ಕಾಪಿ ಇಟ್ಟುಕೊಂಡಿಲ್ಲ, ಆಸಿಫನಿಗೂ ತೋರಿಸಿಲ್ಲ. ತೋರಿಸಿದ್ದರೆ ಅವನು ಮಾರನೇ ದಿನವೇ ಮತ್ತೆ ಕೈಗೆ ಗ್ಲೋವ್ಸ್ ಹಾಕ್ತಿದ್ದ. ನೀನು ಕೈಮುಗಿದು ಕೇಳಿದ್ದೀಯ, ಮುಗಿಯುವ ಅಗತ್ಯ ಇರಲಿಲ್ಲ.

ಜೊತೆಗೆ ನನ್ನ ವಿಷಲ್ ಇದೆ. ದಾರ ಹಳೆಯದು, ಬದಲಾಯಿಸಿಕೊ. ಇನ್ನು ಮೇಲೆ ಊದುವವನು ನೀನು. ಗೆರೆಯ ಮೇಲೆ ಯಾರನ್ನೇ ನಿಲ್ಲಿಸಿಕೊ, ಎಷ್ಟೇ ಹಳೆಯ ಗೆಳೆಯನಾಗಲಿ, ಅವನ ಕೈ ನೋಡಿ ಮಾತ್ರ ಊದಬೇಡ.

ಗೌಸ್ ಪೀರ್